ಅರಿವಾಳಿಗೆ ಒಂದು ಕನ್ನಡ ಪದ

೯ ನವೆಂಬರ್ ೧೯೮೦, ಭಾನುವಾರ

ಒಂದನೇ ತಾರೀಖಿನಿಂದ ನಾವು ಹೊಸ ಜಿಲ್ಲೆಯವರು. ಜಿಲ್ಲಾ ಕೇಂದ್ರ ಕಲ್ಪೆಟ್ಟದಲ್ಲಿ ಪಟಾಕಿ ಹೊಡೆದರಂತೆ, ಮೆರವಣಿಗೆ ಇತ್ತಂತೆ. ಇಲ್ಲಿ ಮುಳ್ಳನ್‌ಕೊಲ್ಲಿಯಲ್ಲಿ ಬಸ್ಸು ಎಂದಿನಂತೆ ತಡವಾಗಿ ಬಂತು. ಅಪ್ಪ ಇದ್ದಿದ್ದರೆ ಜಗಲಿಯಲ್ಲಿ ಕೂತು ‘ಜಿಲ್ಲೆ’ ಎಂಬ ಪದದ ಜಾತಕ ಬಿಚ್ಚುತ್ತಿದ್ದರು. ಅರಬ್ಬಿಯಿಂದ ಬಂದದ್ದು, ಮೊದಲ ಅರ್ಥ ಪಕ್ಕೆಲುಬು, ಆಮೇಲೆ ಪಕ್ಕ, ಆಮೇಲೆ ಸೀಮೆ. ಕಾಳುಮೆಣಸು ತೂಗುವ ಅಂಗಡಿಯವರಿಗೆ ಇದೆಲ್ಲ ಯಾಕೆ ಬೇಕಿತ್ತೋ. ಅವರು ಹೋದ ಮೇಲೆ ನಿಘಂಟು ನನ್ನ ಪಾಲಿಗೆ ಬಂತು, ಅದರ ಹುಚ್ಚೂ ಬಂತು.

ಈ ಬರವಣಿಗೆ ಶುರು ಮಾಡಿದ್ದಕ್ಕೆ ಡಾಕ್ಟರೇ ಕಾರಣ. ಡಾ. ಶ್ರೀಧರನ್ ತಲಶ್ಶೇರಿ ಕಡೆಯವರು, ನಮ್ಮ ಸಣ್ಣ ಆಸ್ಪತ್ರೆಗೆ ಬಂದು ಎರಡು ತಿಂಗಳಾಗಿದೆ. ನಾನಿಲ್ಲಿ ಚೀಟಿ ಬರೆಯುತ್ತೇನೆ, ಗಾಯ ತೊಳೆಯುತ್ತೇನೆ, ಹೊಳೆಯಾಚೆ ಬೈರಕುಪ್ಪೆಯಿಂದಲೋ ಕಾಡಿನ ಹಾಡಿಗಳಿಂದಲೋ ಯಾರಾದರೂ ಬಂದರೆ ನಡುವೆ ನಿಂತು ಅವರ ಮಾತನ್ನು ಮಲಯಾಳಕ್ಕೆ ದಾಟಿಸುತ್ತೇನೆ. ನನ್ನನ್ನು ತಮ್ಮ ಭಾಷೆಯಲ್ಲಿ ಅಕ್ಕ ಎಂದೇ ಕರೆಯುವ ಡಾಕ್ಟರು ನಿನ್ನೆ ಪೆನ್ನು ಕೆಳಗಿಟ್ಟು ಕೇಳಿದರು:

“ಲೀಲೇಚ್ಚಿ, ಅವರು ಅಷ್ಟು ಹೊತ್ತು ಮಾತಾಡ್ತಾರೆ. ನೀವು ನನಗೆ ‘ವೇದನ’ ಅಂತ ಒಂದೇ ಪದ ಕೊಡ್ತೀರಿ. ಉಳಿದದ್ದೆಲ್ಲ ಎಲ್ಲಿ ಹೋಯ್ತು?”

ನಾಚಿಕೆಯಾಯಿತು. ಉಳಿದದ್ದು ಎಷ್ಟೊಂದಿದೆ! ಸೆಳೆತ, ಕಡಿತ, ಉರಿ, ಜೋಮು, ಛಳುಕು, ಕುಟುಕು. ಬೇನೆ ಎಂದರೆ ಅವರ ವೇದನೆಯೇ, ನಮ್ಮ ಬಾಯಲ್ಲಿ ಸವೆದು ಚಿಕ್ಕದಾಗಿದೆ. ಶೂಲೆ ಎಂದರೆ ಈಟಿ ಚುಚ್ಚಿದ ಹಾಗೆ. ಇನ್ನು ಮೇಲೆ ಜನ ಹೇಳಿದ್ದನ್ನು ಹೇಳಿದ ಹಾಗೆಯೇ ದಾಟಿಸಬೇಕು.

ಹೋದ ವಾರ ಅಮ್ಮಿಣಿಗೆ ಅದು ಬಂದಿತ್ತು. ಈಗ ಹೋಗಿದೆ. ನನ್ನ ತಂಗಿಗೆ ಚಿಕ್ಕಂದಿನಿಂದ ಬರುವ ಈ ಕೈಕಾಲು ನೋವಿಗೆ ನಮ್ಮ ಮನೆಯಲ್ಲಿ ಹೆಸರಿಲ್ಲ. ‘ಅದು ಬಂತು’, ‘ಅದು ಹೋಯ್ತು’ ಎನ್ನುತ್ತೇವೆ. ಅವ್ವ ಹರಳೆಣ್ಣೆ ಬಿಸಿ ಮಾಡಿ ಹಚ್ಚುತ್ತಾಳೆ. ನಾಲ್ಕು ದಿನಕ್ಕೆ ಹುಡುಗಿ ಎದ್ದು ಓಡಾಡುತ್ತಾಳೆ.

೧೭ ನವೆಂಬರ್, ಸೋಮವಾರ

ಇವತ್ತು ನೀಲಿ ಎಂಬ ಹೆಂಗಸು ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಂದಿದ್ದಳು. ಕಾಡಂಚಿನ ಹಾಡಿಯವಳು, ಗದ್ದೆ ಕೂಲಿ ಮಾಡುತ್ತಾಳೆ. ಮಗಳ ಹೆಸರು ಶಾಂತ, ಆರು ವರ್ಷವಿರಬಹುದು, ಬೆನ್ನಿನಿಂದ ಇಳಿಸಿದರೆ ಮಗು ಕಿರುಚುತ್ತಿತ್ತು.

“ಹೆಂಗೆ ನೋಯ್ತದೆ ಅಂತಾಳೆ?” ಎಂದು ಕೇಳಿದೆ.

“ಎಲುವಿನೊಳ್ಗೆ ಹುಳ ಕೂತು ಕೊರದಂಗೆ ಅಂತೆ ಅಮ್ಮಾ. ಚಳಿ ಬಿದ್ರೆ ಹುಳ ಏಳ್ತದೆ. ಕೈ ಮುಟ್ಟಕ್ಕೆ ಬುಡ್ತಾ ಇಲ್ಲ.”

ಹುಳ, ಚಳಿ, ಎಲುಬಿನ ಒಳಗೆ ಎಂಬುದು, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಡಾಕ್ಟರು ತಟ್ಟನೆ ತಲೆ ಎತ್ತಿದರು. ಮಗುವಿನ ಕಣ್ಣಿನ ರೆಪ್ಪೆ ಎಳೆದು ನೋಡಿ, ಬೆರಳಿನಿಂದ ರಕ್ತ ತೆಗೆದು, ಗಾಜಿನ ಮೇಲೆ ಹಚ್ಚಿ, ಸೂಕ್ಷ್ಮದರ್ಶಕ ಯಂತ್ರದ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ನನ್ನನ್ನೂ ಕರೆದರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ದುಂಡಗೆ ಕಾಸಿನಂಥವು ಕಂಡವು, ಅವುಗಳ ನಡುವೆ ಕೆಲವು ಬಾಗಿದವು, ಬಿದಿಗೆ ಚಂದ್ರನ ಹಾಗೆ.

“ಚೆನ್ನಾಗಿವೆ” ಎಂದುಬಿಟ್ಟೆ. ಡಾಕ್ಟರು ನಗಲಿಲ್ಲ. ಖಚಿತ ಮಾಡಿಕೊಳ್ಳಲು ಕಲ್ಲಿಕೋಟೆಗೆ ರಕ್ತ ಕಳಿಸುತ್ತಾರಂತೆ.

ನಾನು ಸರಿಯಾಗಿ ದಾಟಿಸಿದ್ದರಿಂದಲೇ ಅವರಿಗೆ ಹೊಳೆಯಿತಂತೆ. ಬಸ್ಸಿನಲ್ಲಿ ಬರುವಾಗ ಒಳಗೊಳಗೆ ಹಿಗ್ಗಿದೆ.

೨ ಡಿಸೆಂಬರ್, ಮಂಗಳವಾರ

ಕಲ್ಲಿಕೋಟೆಯಿಂದ ಉತ್ತರ ಬಂತು. ಡಾಕ್ಟರು ಎಣಿಸಿದ್ದೇ ಸರಿ. ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರಿದೆ, ಮಲಯಾಳದಲ್ಲಿ ‘ಅರಿವಾಳ್ ರೋಗಂ’ ಎನ್ನೋಣ ಎಂದರು. ಅರಿವಾಳ್ ಎಂದರೆ ಕುಡುಗೋಲು, ನಮ್ಮವರ ಬಾಯಲ್ಲಿ ಕುಡ್ಲು. ರಕ್ತದ ಕಣ ಆ ಆಕಾರಕ್ಕೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ಮುಂದೆ ರಕ್ತ ಹರಿಯದೆ ನೋಯುವುದಂತೆ. ತಂದೆಯ ಕಡೆಯಿಂದ ಒಂದು ಪಾಲು, ತಾಯಿಯ ಕಡೆಯಿಂದ ಒಂದು ಪಾಲು ಬಂದು ಕೂಡಿದಾಗ ಮಗುವಿಗೆ ಈ ರೋಗ. ಒಂದೇ ಪಾಲಿದ್ದವರಿಗೆ ತಮ್ಮಲ್ಲಿದೆ ಎಂದು ಗೊತ್ತೂ ಆಗುವುದಿಲ್ಲ.

“ನಿಮ್ಮ ಭಾಷೇಲಿ ಹೇಳಿ” ಎಂದರು.

ನೀಲಿ ಎದುರಿಗೆ ಕೂತಿದ್ದಳು. ಯೋಚಿಸಲು ಹೊತ್ತಿರಲಿಲ್ಲ. “ಇದು ಕುಡ್ಲು ಕಾಯ್ಲೆ ನೀಲಿ” ಎಂದೆ.

ಅವಳ ಮುಖ ಬಿಳುಚಿತು. “ಕುಡ್ಲಾ? ನನ್ ಕುಡ್ಲಾ?”

“ಅಲ್ಲ, ರಕ್ತದೊಳಗೆ ಆ ಥರ...”

“ಇವ್ಳು ಹೊಟ್ಟೇಲಿದ್ದಾಗ ಕುಯ್ಲಿಗೆ ಹೋಗಿದ್ದೆ ಅಮ್ಮಾ. ಹೆರೋ ಹಿಂದಿನ ದಿನದ ತಂಕ ಕುಯ್ದಿದ್ದೆ. ಅದ್ಕೇ ಅಂಟ್ಕತಾ?”

ಆಮೇಲೆ ನೀರು ಹೆಚ್ಚು ಕುಡಿಸು, ಬೆಚ್ಚಗಿಡು, ಜ್ವರ ಬಂದರೆ ಕಾಯಬೇಡ, ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವಳು ತಲೆಯಾಡಿಸುತ್ತಲೇ ಇದ್ದಳು. ಯಾವುದೂ ಕಿವಿಗೆ ಇಳಿಯುತ್ತಿರಲಿಲ್ಲ. ತನ್ನ ಬಲಗೈಯನ್ನೇ ನೋಡುತ್ತಿದ್ದಳು.

೫ ಡಿಸೆಂಬರ್, ಶುಕ್ರವಾರ

ನಿಘಂಟು ತೆಗೆದೆ. ಹಳಗನ್ನಡದಲ್ಲಿ ಎರಡು ರಕಾರಗಳಿದ್ದವು. ಒಂದು ರಕಾರದ ‘ಅರಿ’ ಎಂದರೆ ಕೊಯ್ಯು. ಇನ್ನೊಂದು, ಒತ್ತಿ ಹೇಳುವ ರಕಾರದ ‘ಅರಿ’ ಎಂದರೆ ತಿಳಿ. ಮಲಯಾಳದವರು ಇವತ್ತಿಗೂ ಎರಡನ್ನೂ ಬೇರೆ ಬೇರೆಯಾಗಿಯೇ ನುಡಿಯುತ್ತಾರೆ. ನಾವು ಒಂದನ್ನು ಕಳೆದುಕೊಂಡೆವು. ಅದಕ್ಕೇ ಅರಿವಾಳ್ ಎಂದಾಗ ನನ್ನ ಕನ್ನಡದ ಕಿವಿಗೆ ಅರಿವು ಎಂದು ಕೇಳಿಸುತ್ತದೆ.

ಅಮ್ಮಿಣಿ ಜಗಲಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಬಿಸಿಲು ಮುಖಕ್ಕೆ ಬಿದ್ದಿತ್ತು. ಅವಳ ಕಣ್ಣಿನ ಬಿಳಿಯಲ್ಲಿ ತುಸು ಹಳದಿ ಇದೆ. ಮೊದಲಿನಿಂದಲೂ ಇದೆ. ಸಣ್ಣವಳಿದ್ದಾಗ ಚಳಿಗಾಲದಲ್ಲಿ ಅವಳ ಅಂಗೈ ಅಂಗಾಲು ಊದಿಕೊಳ್ಳುತ್ತಿದ್ದವು.

ಬಿಸಿಲಿಗೆ ಹಾಗೆ ಕಂಡಿರಬೇಕು.

೧೪ ಡಿಸೆಂಬರ್, ಭಾನುವಾರ

ಅಮ್ಮಿಣಿಯನ್ನು ನೋಡಲು ಮುತ್ತಂಗದ ಕಡೆಯಿಂದ ಬಂದಿದ್ದರು. ಹುಡುಗ ಪದ್ಮನಾಭನ್, ಚೆಕ್‌ಪೋಸ್ಟಿನ ಹತ್ತಿರ ದಿನಸಿ ಅಂಗಡಿ, ಹಿಂದೆ ಸ್ವಲ್ಪ ಕಾಫಿ ತೋಟ. ನಮ್ಮ ಹಾಗೆಯೇ ಅಜ್ಜನ ಕಾಲದಲ್ಲಿ ಗಡಿ ದಾಟಿ ಬಂದವರು. ತಂದೆ ಇಲ್ಲ. ಸೋದರಮಾವ ಅಚ್ಯುತನ್ ಅವರದ್ದೇ ಮಾತು ನಡೆಯುವುದು. ಹುಡುಗ ಮೆತ್ತಗಿನವನು. ಅಮ್ಮಿಣಿ ಕಾಫಿ ಲೋಟಗಳ ತಟ್ಟೆ ಹಿಡಿದು ಬಂದಾಗ ತಾನೇ ಎದ್ದು ತಟ್ಟೆ ತೆಗೆದುಕೊಂಡ. ಅವ್ವ ಅದನ್ನು ಸಂಜೆಯವರೆಗೂ ಹೇಳಿಕೊಂಡು ನಕ್ಕಳು. ಗಂಡ ತೀರಿಕೊಂಡ ಮೇಲೆ ನಾನು ಈ ಮನೆಗೆ ವಾಪಸು ಬಂದಾಗಿನಿಂದ ಅವಳು ಹೀಗೆ ನಕ್ಕದ್ದು ನೋಡಿರಲಿಲ್ಲ.

“ಮಗೀಗೆ ಆರೋಗ್ಯ ಹೆಂಗೆ?” ಎಂದು ಅಚ್ಯುತನ್ ಕೇಳಿದರು.

“ಕಲ್ಲು ಕುಟ್ಟಿ ಪುಡಿ ಮಾಡ್ತಾಳೆ” ಎಂದಳು ಅವ್ವ.

ಇನ್ನೆರಡು ತಿಂಗಳಿಗೆ, ಕುಂಭ ಮಾಸದಲ್ಲಿ ಮದುವೆ ಎಂದು ಮಾತಾಯಿತು. ನಾಳೆ ಆಸ್ಪತ್ರೆಗೆ ಲಾಡು ಒಯ್ಯಬೇಕು.

೨೦ ಡಿಸೆಂಬರ್, ಶನಿವಾರ

ನೀಲಿ ಮಗುವನ್ನು ಮಾತ್ರೆಗೆ ಕರೆತಂದಿಲ್ಲ. ಕುಯ್ಲಿಗೂ ಹೋಗುತ್ತಿಲ್ಲವಂತೆ. ಇಡೀ ಹಾಡಿಯಲ್ಲಿ ಮೂವರು ಹೆಂಗಸರು ಕುಡುಗೋಲು ಮುಟ್ಟುವುದು ನಿಲ್ಲಿಸಿದ್ದಾರೆ. ಮಧ್ಯಾಹ್ನ ನಾನೇ ಹೋದೆ. ನೀಲಿ ಒಲೆಯ ಮುಂದೆ ಕೂತಿದ್ದಳು. ಕುಡುಗೋಲನ್ನು ಸೂರಿನ ಹುಲ್ಲಿಗೆ ಸಿಕ್ಕಿಸಿ ಮೇಲೆ ಬಟ್ಟೆ ಸುತ್ತಿದ್ದಳು.

“ಅದು ಬರೀ ಹೆಸ್ರು ನೀಲಿ” ಎಂದೆ.

“ಹೆಸ್ರು ಸುಮ್ಕೆ ಬತ್ತದಾ ಅಮ್ಮಾ?”

ಹೆಸರು ಸುಮ್ಮನೆ ಬರುವುದಿಲ್ಲ ಎಂದು ಅಪ್ಪನಿಂದ ಕಲಿತವಳು ನಾನು.

೨೭ ಡಿಸೆಂಬರ್, ಶನಿವಾರ

ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಅಮ್ಮಿಣಿ ಹಾಸಿಗೆಯಿಂದ ಏಳಲಿಲ್ಲ. ತೊಡೆ, ಸೊಂಟ, ಬೆನ್ನು, ಎಲ್ಲ ಕಡೆ ಒಟ್ಟಿಗೆ ಬಂದಿತ್ತು. ಹರಳೆಣ್ಣೆಯ ಕೈ ತಗುಲಿದರೆ ಸಾಕು, ಹಲ್ಲು ಕಚ್ಚುತ್ತಿದ್ದಳು. ಜ್ವರವೂ ಇತ್ತು. ಅವ್ವ ಮೊದಲ ಸಲ ಆಸ್ಪತ್ರೆಗೆ ಹೋಗೋಣ ಎಂದಳು. ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದೆವು.

ಡಾಕ್ಟರು ನನ್ನ ತಂಗಿಯ ಕಣ್ಣು ನೋಡಿದರು. ಆಮೇಲೆ ನನ್ನನ್ನು ನೋಡಿದರು. ರಕ್ತ ತೆಗೆದರು, ಗಾಜಿನ ಮೇಲೆ ಹಚ್ಚಿದರು. ಈ ಸಲ ನನ್ನನ್ನು ನೋಡಲು ಕರೆಯಲಿಲ್ಲ.

ಡ್ರಿಪ್ ಹಾಕಿದ ಮೇಲೆ ಹಾಸಿಗೆಯ ಪಕ್ಕ ನಿಂತು ಹೇಳಿದರು: “ಅಮ್ಮನಿಗೆ ಹೇಳಿ ಲೀಲೇಚ್ಚಿ. ಇದೂ ಅರಿವಾಳ್ ರೋಗವೇ. ಕಲ್ಲಿಕೋಟೆಗೆ ಕಳಿಸ್ತೀನಿ, ಆದರೂ ನನಗೆ ಅನುಮಾನವಿಲ್ಲ. ಗುಣ ಮಾಡೋ ಮದ್ದಿಲ್ಲ, ಜೋಪಾನ ಮಾಡಿದರೆ ಬದುಕಬಹುದು. ಮದುವೆಗೆ ಮೊದಲು ಹುಡುಗನ ರಕ್ತ ನೋಡಬೇಕು. ಬಸುರಾದರೆ ತುಂಬ ಎಚ್ಚರ ಬೇಕು. ಇದನ್ನೆಲ್ಲ ಈಗಲೇ ಹೇಳಬೇಕು.”

ಅವ್ವನಿಗೆ ಮಲಯಾಳ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಬರುತ್ತದೆ, ಇಷ್ಟು ಬರುವುದಿಲ್ಲ. ನನ್ನ ಸೆರಗು ಹಿಡಿದು ಕೇಳಿದಳು. “ಏನಂತೆ ಮಗಾ?”

“ರಕ್ತ ಕಮ್ಮಿ ಅಂತೆ ಅವ್ವ. ಟಾನಿಕ್ ಕೊಡ್ತಾರಂತೆ.”

“ಅಷ್ಟೊತ್ತು ಹೇಳಿದ್ದು ಅಷ್ಟೇಯಾ?”

“ಅಷ್ಟೇ.”

ಡಾಕ್ಟರು ಕೇಳಿದರು, “ಏನಂದರು?”

“ಹಾಗೇ ಮಾಡ್ತೀವಿ ಅಂದರು” ಎಂದೆ.

ಅವ್ವ ಡಾಕ್ಟರಿಗೆ ಕೈಮುಗಿದಳು. ಡಾಕ್ಟರು ಅವಳ ಧೈರ್ಯ ಮೆಚ್ಚಿ ತಲೆಯಾಡಿಸಿದರು. ನಾನು ಇಬ್ಬರ ನಡುವೆ ನಿಂತಿದ್ದೆ. ಅಮ್ಮಿಣಿ ಕಣ್ಣು ಮುಚ್ಚಿಕೊಂಡಿದ್ದಾಳೆ ಎಂದುಕೊಂಡಿದ್ದೆ. ತಿರುಗಿ ನೋಡಿದರೆ ಕಣ್ಣು ಬಿಟ್ಟಿದ್ದಳು.

೨೮ ಡಿಸೆಂಬರ್

ದುಭಾಷಿ. ಎರಡು ಭಾಷೆಯವಳು ಎಂದರ್ಥ. ಎರಡು ಕಡೆಗೂ ಸುಳ್ಳು ಹೇಳಿದವಳಿಗೆ ಬೇರೆ ಪದವಿದೆಯೋ ಏನೋ. ಹುಡುಕಲಿಲ್ಲ.

೧ ಜನವರಿ ೧೯೮೧, ಗುರುವಾರ

ಅಮ್ಮಿಣಿ ಮನೆಗೆ ಬಂದು ಎರಡು ದಿನ ಬಾಯಿ ಬಿಡಲಿಲ್ಲ. ಇವತ್ತು ಅವ್ವ ಕಾಫಿ ಹಣ್ಣು ಕೀಳಲು ಹೋದಾಗ ಬಚ್ಚಲ ಹತ್ತಿರ ನನ್ನನ್ನು ನಿಲ್ಲಿಸಿದಳು.

“ಅಕ್ಕ, ಡಾಕ್ಟರ್ ಹೇಳಿದ್ ಬೇರೆ. ನೀನು ಅವ್ವಂಗೆ ಹೇಳಿದ್ ಬೇರೆ.”

“ನಿಂಗೆ ಜ್ವರ ಇತ್ತು ಅಮ್ಮಿಣಿ.”

“ಜ್ವರ ಬಂದ್ರೆ ಮಲಯಾಳಂ ಮರ್ತೋಯ್ತದಾ? ಹತ್ತನೇ ಕ್ಲಾಸ್‌ವರ್ಗೂ ಅದ್ರಲ್ಲೇ ಓದಿದ್ದು.”

ಗೋಡೆಗೆ ಒರಗಿ ಕೂತುಕೊಂಡೆ. ಅವಳೂ ಎದುರಿಗೆ ಕೂತಳು. ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಮಾತು ಮೆತ್ತಗಾಗಲಿ ಎಂದು, “ಕುಡ್ಲು ಅಂತ ಯಾಕೆ ಅನ್ಬೇಕು, ಯಂತ್ರದಲ್ಲಿ ಬಿದಿಗೆ ಚಂದ್ರನ ಥರ ಕಾಣ್ತದೆ. ಚಂದ್ರನ ಕಾಯಿಲೆ ಅನ್ಬಹುದು” ಎಂದೂ ಹೇಳಿದೆ.

“ಚಂದ್ರ ಅಂದ್ರೆ ನೋವು ಕಮ್ಮಿ ಆಯ್ತದಾ?”

ನನ್ನನ್ನು ಕಾಯದೆ ತಾನೇ ಮುಂದುವರಿಸಿದಳು.

“ಇಷ್ಟ್ ವರ್ಷ ಅದು ಅದು ಅಂದ್ರಿ. ನಾನು ಏನೋ ಪಾಪ ಮಾಡಿದೀನಿ, ಬಾಯಲ್ಲಿ ಹೇಳಕ್ಕೂ ಆಗ್ದಷ್ಟು ಅಸಹ್ಯದ್ದು ಅಂದ್ಕಂಡಿದ್ದೆ. ರಕ್ತದ ಕಣ ಬಗ್ಗೋದಾ? ಅಷ್ಟೇನಾ?” ಎಂದಳು. ಅಳುತ್ತಿದ್ದಳು, ಆದರೆ ದನಿಯಲ್ಲಿ ಏನೋ ಬಿಡುಗಡೆ ಇತ್ತು. ನನಗೆ ಅದು ಅರ್ಥವಾಗಲಿಲ್ಲ.

ಆಮೇಲೆ ಮುಖ ತೊಳೆದುಕೊಂಡು ಬಂದು ಹೇಳಿದಳು. “ಪದ್ಮನಾಭನ್‌ಗೆ ಹೇಳ್ಬೇಕು.”

“ಹುಚ್ಚಾ? ಅವ್ವ ಎದೆ ಒಡ್ಕೊಂಡು ಸಾಯ್ತಾಳೆ.”

“ನೀನು ಬಾ, ಇಲ್ಲಾ ಬರ್ಬೇಡ. ನಾನ್ ಹೋಗ್ತೀನಿ.”

೬ ಜನವರಿ, ಮಂಗಳವಾರ

ಬತ್ತೇರಿಗೆ ಬಟ್ಟೆ ನೋಡಲು ಹೋಗುತ್ತೇವೆ ಎಂದು ಅವ್ವನಿಗೆ ಹೇಳಿ ಹೊರಟೆವು. ಬತ್ತೇರಿಯಲ್ಲಿ ಬಸ್ಸು ಬದಲಿಸಿ ಮುತ್ತಂಗ ಮುಟ್ಟಿದಾಗ ಹನ್ನೊಂದು ಗಂಟೆ. ಪದ್ಮನಾಭನ್ ಬೆಲ್ಲ ಕಟ್ಟುತ್ತಿದ್ದ. ನಮ್ಮನ್ನು ಕಂಡು ಕಾಗದದ ಪೊಟ್ಟಣ ಕೈಯಿಂದ ಬಿಟ್ಟ. ಸ್ಟೂಲು ಒರೆಸಿ ಕೊಟ್ಟ, ಸೋಡಾ ಒಡೆಸಿದ.

ಅಮ್ಮಿಣಿ ಸೋಡಾ ಮುಟ್ಟಲಿಲ್ಲ. ಲಾರಿಗಳ ಸದ್ದು ನಿಂತಾಗ ಮಾತಾಡಿದಳು, ಲಾರಿ ಬಂದಾಗ ನಿಲ್ಲಿಸಿದಳು. ಡಾಕ್ಟರು ಹೇಳಿದ್ದರಲ್ಲಿ ಒಂದೂ ಬಿಡಲಿಲ್ಲ.

“ಅಂಟ್ತದಾ?” ಎಂದು ಅವನು ಕೇಳಿದ.

“ಇಲ್ಲ.”

“ಸಾಯ್ತಾರಾ?”

“ಎಲ್ರೂ ಸಾಯ್ತಾರೆ. ನಾನು ಬದ್ಕಿರೋವಾಗ ಸ್ವಲ್ಪ ಹೆಚ್ಗೆ ನೋಯ್ತೀನಿ. ನಿಮ್ಮ ರಕ್ತಾನೂ ನೋಡ್ಸಿ ಅಂದಿದಾರೆ. ನಿಮ್ದೂ ಹಂಗೇ ಇದ್ರೆ ಮಕ್ಳಿಗೆ ಕಷ್ಟ.”

ಅವನು ತನ್ನ ಮೊಣಕೈಯ ಒಳಭಾಗವನ್ನು ನೋಡಿಕೊಂಡ. “ಮಾವನ್ನ ಕೇಳ್ತೀನಿ” ಎಂದ. ಬಸ್ಸು ಬರುವವರೆಗೂ ನಮ್ಮ ಜೊತೆ ರಸ್ತೆ ಬದಿಯಲ್ಲಿ ನಿಂತಿದ್ದ. ಹತ್ತುವಾಗ ಒಂದು ಚೀಲ ಕಿತ್ತಳೆ ಕೊಟ್ಟ.

ದಾರಿಯಲ್ಲಿ ಅಮ್ಮಿಣಿ ಒಂದು ಹಣ್ಣು ಸುಲಿದು ಅರ್ಧ ನನಗೆ ಕೊಟ್ಟಳು. “ಒಳ್ಳೆಯವ್ನು. ಆದ್ರೆ ಬರಲ್ಲ” ಎಂದಳು.

೧೫ ಜನವರಿ, ಗುರುವಾರ

ಅಚ್ಯುತನ್ ಒಬ್ಬರೇ ಬಂದರು. ನಾನು ಆಸ್ಪತ್ರೆಗೆ ಹೊರಟಿದ್ದೆ. ಅವರು ಜಗಲಿ ಹತ್ತದೆ ಅಂಗಳದಲ್ಲೇ ನಿಂತು ಅವ್ವನಿಗೆ ಹೇಳಿದರು:

“ಮಾದಮ್ಮ, ನಿಮ್ ಮೇಲೆ ಬೇಜಾರಿಲ್ಲ. ಆದ್ರೆ ಕುಡ್ಲು ಕಾಯ್ಲೆ ಮನೆ ಹೆಣ್ಣು ನಮ್ಗೆ ಆಗಲ್ಲ.”

“ಏನ್ ಕುಡ್ಲು? ಯಾವ್ ಕುಡ್ಲು?”

ಅವ್ವ ಅವರ ಮುಖ ನೋಡಿದಳು, ಅಮ್ಮಿಣಿಯ ಮುಖ ನೋಡಿದಳು. ಕೊನೆಗೆ ನನ್ನ ಕಡೆ ತಿರುಗಿ ಅಲ್ಲೇ ನಿಂತಳು. ಅವಳಿಗೆ ತಿಳಿಯಿತು. ನಾನು ಮೆಟ್ಟಿಲ ಮೇಲೆ ಚೀಲ ಹಿಡಿದು ನಿಂತಿದ್ದೆ.

ಅವರು ಹೋದ ಮೇಲೆ ಅವ್ವ ಕೂಗಾಡಲಿಲ್ಲ. “ನಿನ್ ಬಾಯನ್ನ ನನ್ ಬಾಯಿ ಅಂದ್ಕಂಡಿದ್ದೆ” ಎಂದಳು, ಅಷ್ಟೇ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಪದ ನಾನು ನೀಲಿಗೆಂದು ಗಡಿಬಿಡಿಯಲ್ಲಿ ಮಾಡಿದ್ದು. ಹಾಡಿಯಿಂದ ಗದ್ದೆಗೆ, ಗದ್ದೆಯಿಂದ ಬಸ್ಸಿಗೆ ಹೋಗಿ ಈಗ ಎಲ್ಲರ ಬಾಯಲ್ಲಿದೆ. ಪಕ್ಕದ ಮನೆ ಭಾಗ್ಯಮ್ಮ ಇವತ್ತು ಸಂಜೆ ಹಾಲಿನವನಿಗೆ ನಮ್ಮ ಮನೆಯ ಗುರುತು ಹೇಳುತ್ತಿದ್ದದ್ದು ಬೇಲಿಯಾಚೆಯಿಂದ ಕೇಳಿಸಿತು. “ಅದೇ, ಕುಡ್ಲು ಮನೆ.” ಹೆಸರಿಡುವುದು ಎಂದರೆ ನಾಮಕರಣ ಮಾಡುವುದು, ಹೆಸರಿಡುವುದು ಎಂದರೆ ಹಳಿಯುವುದು. ಎರಡಕ್ಕೂ ಒಂದೇ ಮಾತು ಸಾಕಾಗಿದೆ ನಮ್ಮವರಿಗೆ.

೨೪ ಜನವರಿ, ಶನಿವಾರ

ಅವ್ವ ಊಟಕ್ಕೆ ಕರೆಯುವುದು ಬಿಟ್ಟರೆ ಬೇರೆ ಮಾತಾಡುವುದಿಲ್ಲ. ಅಮ್ಮಿಣಿಯ ಮೇಲೆ ಸಿಟ್ಟಿಲ್ಲ, ನನ್ನ ಮೇಲೆ. ಇರಲಿ.

ನೀಲಿಯ ಮಗುವಿಗೆ ಮತ್ತೆ ನೋವಂತೆ, ಆದರೂ ಕರೆತರುತ್ತಿಲ್ಲವಂತೆ ಎಂದು ಅಮ್ಮಿಣಿಗೆ ಹೇಳಿದೆ. “ನಡಿ ಹೋಗೋಣ” ಎಂದಳು. ಬಿಸಿಲೇರಿದ ಮೇಲೆ ನಿಧಾನಕ್ಕೆ ನಡೆದೆವು. ಎರಡು ಕಡೆ ಕೂತು ಸುಧಾರಿಸಿಕೊಂಡಳು.

ನೀಲಿ ನಮ್ಮನ್ನು ಒಳಗೆ ಕರೆಯಲಿಲ್ಲ. ಅಮ್ಮಿಣಿ ತಾನೇ ಬಗ್ಗಿ ಹೋಗಿ ಶಾಂತಳ ಪಕ್ಕ ಕೂತಳು. ಸೂರಿನ ಕಡೆ ಕೈ ತೋರಿಸಿ ಕೇಳಿದಳು. “ಅದ್ರಿಂದ ಬಂತು ಅಂತೀಯಾ?”

“ಅದ್ರ ಹೆಸ್ರೇ ಇಟ್ಟವ್ರಲ್ಲ.”

“ನಂಗೂ ಅದೇ ಕಾಯ್ಲೆ ನೀಲಿ. ನಾನ್ ಯಾವತ್ತು ಗದ್ದೆ ಕುಯ್ದಿದ್ದೆ? ನಮ್ಮವ್ವ ಯಾವತ್ತು ಕುಯ್ದಿದ್ಲು?”

ನೀಲಿ ಹತ್ತಿರ ಬಂದಳು. ಅಂಗಡಿಯವರ ಮಗಳ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. ಕಣ್ಣು ನೋಡಿದಳು. “ನಿಂಗೂವಾ?”

“ನಂಗೂ. ಹುಟ್ಟಿದಾಗಿಂದ.”

ಶಾಂತ ಎದ್ದು ಕೂತಳು. “ನಿಂಗೂ ಹುಳ ಬತ್ತದಾ?”

“ನಂಗೆ ಹುಳ ಅಲ್ಲ ಮಗಾ. ಒದ್ದೆ ಬಟ್ಟೆ ಹಿಂಡ್ತಾರಲ್ಲ, ಎಲುಬನ್ನ ಹಂಗೆ ಹಿಂಡ್ತದೆ. ನಿಂದು ಮೊದ್ಲು ಎಲ್ ಶುರು ಆಯ್ತದೆ?”

“ಮಂಡೀಲಿ.”

“ನಂಗೆ ಸೊಂಟದಲ್ಲಿ. ಬರೋ ಮುಂಚೆ ಬಾಯೆಲ್ಲ ಒಣಗ್ತದಾ?”

“ಹೂಂ!” ಎಂದಿತು ಮಗು, ಯಾರೋ ತನ್ನ ಆಟ ಕಂಡುಹಿಡಿದ ಹಾಗೆ.

ನಾನು ಬಾಗಿಲಲ್ಲಿ ನಿಂತು ಕೇಳಿದೆ. ಬಟ್ಟೆ ಹಿಂಡಿದ ಹಾಗೆ. ಇಪ್ಪತ್ತು ವರ್ಷದಿಂದ ಅವಳ ಅಕ್ಕ ನಾನು. ನೂರಾರು ಜನರನ್ನು ‘ಹೆಂಗೆ ನೋಯ್ತದೆ’ ಎಂದು ಕೇಳಿದ್ದೇನೆ, ಅವಳನ್ನು ಕೇಳಿರಲಿಲ್ಲ.

ಹೊರಡುವಾಗ ನೀಲಿ ಸೂರಿನಿಂದ ಕುಡುಗೋಲು ಇಳಿಸಿ ಬಟ್ಟೆ ಬಿಚ್ಚಿದಳು. ತುಕ್ಕು ಹಿಡಿದಿತ್ತು. ಸೋಮವಾರ ಮಗುವನ್ನು ಕರೆತರುತ್ತಾಳಂತೆ.

೮ ಫೆಬ್ರವರಿ, ಭಾನುವಾರ

ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಸಂಜೆಯಾಗಿದೆ. ಅಮ್ಮಿಣಿ ನಿದ್ದೆಯಲ್ಲಿದ್ದಾಳೆ.

ಬೆಳಿಗ್ಗೆ ಅವಳಿಗೆ ನೋವು ಬಂತು. ಈ ಸಲ ಎದೆಯಲ್ಲಿ. ಉಸಿರು ಪೂರ್ತಿ ಎಳೆದುಕೊಳ್ಳಲು ಆಗುತ್ತಿರಲಿಲ್ಲ, ತುಟಿ ಕಪ್ಪಿಟ್ಟಿತು. ಎದೆಗೆ ಬಂದರೆ ಒಂದು ಗಳಿಗೆಯೂ ಕಾಯಬೇಡಿ ಎಂದು ಡಾಕ್ಟರು ಹೇಳಿದ್ದರು. ಭಾನುವಾರ, ಬಸ್ಸು ಹನ್ನೊಂದಕ್ಕೆ. ಜೀಪು ಇರುವುದು ಭಾಗ್ಯಮ್ಮನ ಮನೆಯಲ್ಲಿ ಮಾತ್ರ. ನಾನು ಓಡಬೇಕೆನ್ನುವಷ್ಟರಲ್ಲಿ ಅವ್ವ ಬೇಲಿಯ ಹತ್ತಿರ ನಿಂತಾಗಿತ್ತು.

“ಭಾಗ್ಯಮ್ಮಾ! ಜೀಪ್ ಬೇಕು!”

ಭಾಗ್ಯಮ್ಮ ಕಾಫಿ ಒಣಗಿಸುತ್ತಿದ್ದವಳು ತಲೆ ಎತ್ತಿದಳು. ಅಂಗಳದಲ್ಲಿ ಕೆಲಸದವರಿದ್ದರು. “ಏನಾಯ್ತು?”

ಅವ್ವ ಒಂದು ಸಲ ಬಾಯಿ ತೆರೆದು ಮುಚ್ಚಿದಳು. ನಾನು ಹೇಳಲು ಮುಂದೆ ಬಂದೆ. ಕೈಯಿಂದ ನನ್ನನ್ನು ತಡೆದಳು.

“ಕುಡ್ಲು ಕಾಯ್ಲೆ ನನ್ ಮಗ್ಳಿಗೆ. ಎದೆಗ್ ಬಂದೈತೆ. ಉಸ್ರಾಡಕ್ಕೆ ಆಯ್ತಿಲ್ಲ. ಬೇಗ ಕಳ್ಸು!”

ಇಡೀ ಬೀದಿಗೆ ಕೇಳಿಸುವಂತೆ ಹೇಳಿದಳು. ಭಾಗ್ಯಮ್ಮನ ಮುಖ ಒಂದು ಥರ ಆಯಿತು. ಕೈ ಒರೆಸಿಕೊಳ್ಳುತ್ತ ಗಂಡನನ್ನು ಕೂಗಿದಳು. ಜೀಪಿನಲ್ಲಿ ತಾನೂ ಹತ್ತಿ ಅಮ್ಮಿಣಿಯ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಹಳ್ಳ ಬಂದಾಗಲೆಲ್ಲ, “ನಿಧಾನಕ್ಕೆ ಓಡ್ಸಿ, ಮಗೀಗೆ ನೋಯ್ತದೆ” ಎಂದು ಗಂಡನನ್ನು ಗದರುತ್ತಿದ್ದಳು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು, ಡ್ರಿಪ್ ಹಾಕಿದರು, ಇಂಜೆಕ್ಷನ್ ಕೊಟ್ಟರು. ಮಧ್ಯಾಹ್ನದವರೆಗೆ ಡಾಕ್ಟರು ಕದಲಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ತುಟಿಗೆ ಬಣ್ಣ ಬಂತು. “ದಾಟಿದಳು” ಎಂದರು. “ಈ ಸಲ ದಾಟಿದಳು. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು.”

ಅವ್ವ ಕೇಳಿದಳು. “ಏನಂದ್ರು?”

“ದಾಟಿದ್ಲು ಅಂದ್ರು. ಈ ಸಲ ದಾಟಿದ್ಲು ಅಂದ್ರು. ಇನ್ನೊಂದ್ ಗಂಟೆ ತಡ ಆಗಿದ್ರೆ ಕಷ್ಟ ಇತ್ತು ಅಂದ್ರು.”

ಅವ್ವ ನನ್ನ ಬಾಯನ್ನೇ ನೋಡುತ್ತಿದ್ದಳು. “ಅದು ನನ್ನಿಂದ್ಲೂ ಬಂತಾ ಕೇಳು” ಎಂದಳು.

ಡಾಕ್ಟರಿಗೆ ಕೇಳಿದೆ. ಅವರು ಅವ್ವನ ಕಡೆ ತಿರುಗಿ ಮೆಲ್ಲಗೆ ಹೇಳಿದರು. ನಾನೂ ಅಷ್ಟೇ ಮೆಲ್ಲಗೆ ದಾಟಿಸಿದೆ.

“ಹೂಂ ಅವ್ವ. ನಿನ್ನಿಂದ್ಲೂ ಬಂತು, ಅಪ್ಪನಿಂದ್ಲೂ ಬಂತು. ನಿಮ್ಗಿಬ್ರಿಗೂ ಗೊತ್ತಿರ್ಲಿಲ್ಲ. ಯಾರ್ ತಪ್ಪೂ ಅಲ್ಲ ಅಂತಾರೆ.”

ಅವಳು ಅಳಬಹುದು ಎಂದುಕೊಂಡೆ. ಅಳಲಿಲ್ಲ. ಸೆರಗಿನಿಂದ ಅಮ್ಮಿಣಿಯ ಹಣೆ ಒರೆಸಿದಳು. ಆಮೇಲೆ ಏನೋ ಲೆಕ್ಕ ಹಾಕುವವಳಂತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನನ್ನನ್ನು ದಾಟಿ, ನೇರವಾಗಿ ಡಾಕ್ಟರಿಗೆ ತನ್ನ ಸಂತೆಯ ಮಲಯಾಳದಲ್ಲೇ ಕೇಳಿದಳು.

“ಇವಳ್‌ಕ್ಕೋ ಡಾಕ್ಟರೇ?”

ಇವಳಿಗೋ, ಎಂದು. ಡಾಕ್ಟರು ನನ್ನ ಕಡೆ ನೋಡಿದರು. ಇಷ್ಟು ದಿನ ಇಬ್ಬರ ನಡುವೆ ನಿಂತೇ ಇದ್ದವಳಿಗೆ ಆ ಪ್ರಶ್ನೆ ಯಾಕೆ ಹೊಳೆದಿರಲಿಲ್ಲವೋ ತಿಳಿಯದು. ನಾನೂ ಅದೇ ತಾಯಿಯ ಮಗಳು, ಅದೇ ತಂದೆಯ ಮಗಳು. ನನ್ನಲ್ಲಿ ಒಂದು ಪಾಲು ಇರಬಹುದು, ಇಲ್ಲದೆಯೂ ಇರಬಹುದು.

“ಗೊತ್ತಿಲ್ಲ ಅವ್ವ” ಎಂದೆ.

“ಕೂತ್ಕೊ ಮತ್ತೆ” ಎಂದಳು. ತಾನೇ ಸ್ಟೂಲು ಎಳೆದು ಕೊಟ್ಟಳು. ಕೂತು ತೋಳು ಚಾಚಿದೆ. ಸೂಜಿ ಚುಚ್ಚುವಾಗ ಅವ್ವ ನನ್ನ ಇನ್ನೊಂದು ಕೈಯನ್ನು ಹಿಡಿದುಕೊಂಡಿದ್ದಳು. ಮೂರು ವಾರದಿಂದ ಮಾತು ಬಿಟ್ಟಿದ್ದವಳ ಕೈ ಬೆಚ್ಚಗಿತ್ತು.